ಚಕ್ರದ ಜ್ವರ

ಮಾನ್ಮತ್ ಜಂಕ್ಷನ್ ಊರಿನ ನಮ್ಮ ಪಕ್ಕದ ಮನೆಯ ಅಂಕಲ್, ಒಳಗೇ ಅಡುಗೆ, ಹಾಸಿಗೆ ಎಲ್ಲ ಇರುವ ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮ್‌ನ ಹಿಂದೆ ಕಾರು ಕಟ್ಟಿಕೊಂಡು ಪ್ರವಾಸ ಹೊರಟರೆ, ಮೊದಲ ಗ್ಯಾಸ್ ಸ್ಟೇಷನ್‌ನಲ್ಲೇ ನಿಲ್ಲಿಸುತ್ತಿದ್ದರು. ಇಳಿದು ಕಾರಿನ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು, “ಜ್ವರ ಇಲ್ಲ, ನಡೀರಿ” ಎನ್ನುತ್ತಿದ್ದರು.

“ಡಾಕ್ಟ್ರೇ, ರೌಂಡ್ಸ್ ಮುಗೀತಾ?” ಎಂದು ಆಂಟಿ ಕಿಟಕಿಯಿಂದ ಛೇಡಿಸುತ್ತಿದ್ದರು.

ನಾನೂ ಜೊತೆಗೆ ಹೊರಟ ಸಲ ಹಿಂದೆ ಕಟ್ಟಿದ್ದು ನನ್ನ ಹೊಸ ಕಾರು. ಅದನ್ನು ನ್ಯೂಟ್ರಲ್‌ಗೆ ಹಾಕಿದವಳೂ ನಾನೇ. ಮೊದಲ ಗ್ಯಾಸ್ ಸ್ಟೇಷನ್‌ನಲ್ಲಿ ಹಿಂದಿನ ಚಕ್ರದ ಬಳಿ ಅಂಕಲ್ ಕೈ ನಿಂತಿತು.

“ಜ್ವರ ಇದೆ ಕಣಮ್ಮ. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿಲ್ಲ ನೀನು. ಹೀಗೇ ಹೈವೇಗೆ ಹೋಗಿದ್ರೆ ಬೆಂಕಿ ಹತ್ಕೊಳ್ತಿತ್ತು.”

ಬ್ರೇಕ್ ಬಿಡಿಸಿ, ಚಕ್ರ ಆರುವವರೆಗೆ ಕಾದು ಹೊರಟೆವು. ಮುಂದಿನ ಗ್ಯಾಸ್ ಸ್ಟೇಷನ್‌ನಲ್ಲಿ ಅವರು ಸೀಟು ಬಿಟ್ಟು ಏಳಲಿಲ್ಲ.

“ಈಗ ನೀನೇ ಡಾಕ್ಟ್ರು.”

ನಾಲ್ಕೂ ಚಕ್ರಕ್ಕೆ ಕೈ ಹಿಡಿದು ನೋಡಿದೆ.

“ಜ್ವರ ಇಲ್ಲ ಅಂಕಲ್, ನಡೀರಿ!” ಪೆಟ್ರೋಲ್ ಹಾಕಿಸುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದೆ.