ಬೋಟು ದಡ ಸೇರುವ ಮೊದಲು

ಜೂನ್ ಬಂತೆಂದರೆ ಯಾಂತ್ರಿಕ ಮೀನುಗಾರಿಕೆ ಬಂದ್. ಗಂಡಂದಿರು ಜೀವಸಹಿತ ಮನೆ ಸೇರಿದರಲ್ಲ ಎಂದು ಕಡಲತಡಿಯ ಹೆಂಗಸರು ದೇವರಿಗೆ ಕೈ ಮುಗಿಯುತ್ತಾರೆ. ಮಾವಿನಕುರ್ವೆಯ ಸುಮತಿಗೆ ಮಾತ್ರ ಮೇ ತಿಂಗಳು ಕಳೆಯುತ್ತಿದ್ದಂತೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಸುಮತಿ ಹೊನ್ನಾವರ ಪೇಟೆಯಲ್ಲಿ ಮೀನು ಮಾರುವವಳು. ಬಾಯಲ್ಲಿ ಮುಲಾಜಿಲ್ಲ. "ಬಂಗಡೆ ಹಳತಲ್ವೇನೆ?" ಎಂದು ಕಿವಿರು ಬಿಡಿಸಿ ನೋಡುವ ಗಿರಾಕಿಗೆ, "ನಿಮ್ಮಷ್ಟು ಹಳತಲ್ಲ ಒಡೆಯಾ" ಅನ್ನುವವಳು. ಇಂಥ ಬಾಯಿಯವಳು ಹೊಡೆಸಿಕೊಳ್ಳುತ್ತಾಳೆಯೇ ಎಂದು ಕೇಳುವ ಜಾಣರಿದ್ದಾರೆ. ಹೊಡೆಸಿಕೊಳ್ಳುತ್ತಾಳೆ ಸ್ವಾಮಿ. ಪೇಟೆಯ ಬಾಯನ್ನು ಹೊಸ್ತಿಲಲ್ಲೇ ಕಳಚಿಟ್ಟು ಒಳಗೆ ಹೋಗುವ ಹೆಂಗಸರು ನಿಮ್ಮ ಕೇರಿಯಲ್ಲೂ ಇದ್ದಾರೆ.

ಅವಳ ಗಂಡ ಉದಯ, ಮಹಾಬಲ ಎಂಬವನ ಬೋಟಿನಲ್ಲಿ ಖಲಾಸಿ. ಬಂಗಾರದಂಥ ಮನುಷ್ಯ ಎಂದು ಬೋಟು ನಿಲ್ಲುವ ಧಕ್ಕೆಯ ಮೇಲೆ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ಅವನ ಜೊತೆ ಒಂದು ಮಳೆಗಾಲ ಕಳೆದವರಲ್ಲ. ಹೋದ ಮಳೆಗಾಲ ಅವನು ಹೆಂಡತಿಯ ಎಡಗೈ ಮುರಿದ. ಆಸ್ಪತ್ರೆಯಲ್ಲಿ ಅವಳು ಜಾರಿಬಿದ್ದೆ ಎಂದಳು. ಈ ಸಲ ಕಡೆಯ ಟ್ರಿಪ್ಪಿಗೆ ಹೊರಡುವ ಬೆಳಿಗ್ಗೆ ಗಂಜಿ ಉಣ್ಣುತ್ತಾ ಅವನು ಮೆಲ್ಲಗೆ ಹೇಳಿದ್ದು ಇಷ್ಟು: "ಬಂದ್ ಆಗ್ಲಿ, ಬತ್ತೆ. ಹೋದ್ ವರ್ಷ ಕೈಗೇ ನಿಲ್ಸಿದ್ದೆ."

ಅವತ್ತೇ ಸುಮತಿ ಬುಟ್ಟಿ ಮೂಲೆಗಿಟ್ಟು ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರ ದೂರು ಕೇಳುವ ಸಂರಕ್ಷಣಾಧಿಕಾರಿ ಜಯಶ್ರೀಯವರ ಕಚೇರಿ ಹತ್ತಿದಳು. ಅವರು ಎಲ್ಲವನ್ನೂ ಬರೆದುಕೊಂಡು ಕೋರ್ಟಿನ ಮುಂದಿಟ್ಟರು. ನ್ಯಾಯಾಧೀಶರು ಗಂಡ ಬರುವವರೆಗೆ ಕಾಯದೆ ತುರ್ತು ಆದೇಶ ಕೊಟ್ಟರು: ಉದಯ ಆ ಮನೆಗೆ ಕಾಲಿಡಕೂಡದು, ಹೆಂಡತಿಯನ್ನು ಮುಟ್ಟಕೂಡದು, ಬೆದರಿಸಕೂಡದು.

"ಅವನು ಬೋಟಿಂದ ಇಳಿಯೋವಾಗ್ಲೇ ಪೊಲೀಸರ ಜೊತೆ ನಿಂತು ನಾನೇ ಕೈಗೆ ಕೊಡ್ತೇನೆ. ಅಲ್ಲೀವರೆಗೆ ಯಾರಿಗೂ ಹೇಳಬೇಡಮ್ಮ" ಎಂದರು ಜಯಶ್ರೀ.

ಇಲ್ಲಿಯವರೆಗೆ ಕಾನೂನು ತನ್ನ ಕೆಲಸ ಮಾಡಿತು. ಮುಂದಿನದು ನಮ್ಮ ಊರಿನ ಒಳ್ಳೆಯತನ ಮಾಡಿದ ಕೆಲಸ.

ಬೋಟು ಯಾವತ್ತು ಬರುತ್ತದೆಂದು ತಿಳಿಯಬೇಕಲ್ಲ, ಸುಮತಿ ಧಕ್ಕೆಗೆ ಹೋಗಿ ಮಹಾಬಲನನ್ನು ಕೇಳಿದಳು. ಯಾಕೆ ಎಂದ. ಹೇಳಿಬಿಟ್ಟಳು. ಬೋಟಿನ ಧಣಿಗೆ ಸುಳ್ಳು ಹೇಳುವ ರೂಢಿ ಮೀನುಗಾರರ ಮನೆಗಳಲ್ಲಿಲ್ಲ. ಮದುವೆಗೆ ಮುಂಗಡ ಕೊಡುವವನು ಅವನು, ಕಡಲಿಗೆ ಬಿದ್ದವನ ಹೆಣ ಹುಡುಕಿಸುವವನೂ ಅವನೇ.

"ಅಯ್ಯೋ ತಂಗೀ, ಇದಕ್ಕೆಲ್ಲ ಕೋರ್ಟು ಎಂತಕ್ಕೆ? ನಾ ಒಂದ್ ಮಾತು ಹೇಳ್ತೆ, ಸರಿ ಆತ್ತು."

"ಬ್ಯಾಡ ಅಣ್ಣಾ, ಬ್ಯಾಡ…"

ಅಷ್ಟರಲ್ಲಿ ಮಹಾಬಲ ವೈರ್‌ಲೆಸ್ ಎತ್ತಿಯಾಗಿತ್ತು. ಅದರಲ್ಲಿ ಒಬ್ಬನಿಗೆ ಹೇಳಿದ್ದು ಸುತ್ತಲಿನ ಎಲ್ಲ ಬೋಟಿಗೂ ಕೇಳುತ್ತದೆ.

"ಉದಯಾ, ನಿನ್ ಹೆಂಡ್ತಿ ಕೋರ್ಟಿಂದ ಕಾಗ್ದ ತಂದದೆ ಮಾರಾಯಾ. ನೀ ಮನೆಗೆ ಹೋಗೂಕಿಲ್ಲ ಅಂತೆ. ಸಿಟ್ಟು ಮಾಡ್ಬೇಡ, ಬಾ, ಕೂತು ಮಾತಾಡ್ವ."

ಬೇರೆ ಬೋಟುಗಳಿಂದ ನಗು ಬಂತು. "ಸರ್ಕಾರ ಸಮುದ್ರಕ್ಕೆ ಬಂದ್ ಹಾಕ್ತು, ಇವನ್ ಹೆಂಡ್ತಿ ಮನೆಗೇ ಬಂದ್ ಹಾಕ್ತಲ್ರೋ!" "ಉದಯಾ, ಇನ್ ನಮ್ ಬೋಟಲ್ಲೇ ಮಲ್ಕೊ. ನಮ್ ಅಡುಗೆಯವ ಕೋರ್ಟಿಗೆ ಹೋಗೂದಿಲ್ಲ!"

ಉದಯ ನಗಲಿಲ್ಲ. ಆಮೇಲೆ ಅವನ ದನಿ: "ಆತು. ಬತ್ತೆ ಅಂತ ಹೇಳಿ ಸುಮತಿಗೆ."

"ನೋಡು, ಎಷ್ಟ್ ಸಮಾಧಾನದಲ್ಲಿ ಹೇಳ್ದ" ಎಂದ ಮಹಾಬಲ.

ಸುಮತಿ ಅಲ್ಲಿಂದಲೇ ಜಯಶ್ರೀಯವರಿಗೆ ಫೋನ್ ಮಾಡಿ ವಿಷಯ ಹೊರಬಿತ್ತೆಂದು ಹೇಳಿದಳು. ಜೊತೆಗೆ ಮೀನು ಮಾರುವ ಮುದುಕಿ ತಿಮ್ಮಿ, "ಹೊಳನಗದ್ದೆಗೆ ಅಣ್ಣನ ಮನೆಗೆ ಓಡೆ" ಎಂದಳು.

"ನಾ ಓಡಿದ್ರೆ ಮನೆ ಅವಂದೇ ಆತ್ತು ತಿಮ್ಮಕ್ಕಾ."

ಬಂದ್‌ಗೆ ಇನ್ನೂ ದಿನವಿದ್ದರೂ, ಧಣಿಯೇ ಬಾ ಎಂದಿದ್ದರಿಂದ ಬೋಟು ಮರುದಿನವೇ ಬಂತು. ಸುಮತಿ ಫೋನ್ ಮಾಡಿದ್ದರಿಂದ ಜಯಶ್ರೀ ಪೊಲೀಸನೊಬ್ಬನ ಜೊತೆ ಧಕ್ಕೆಯಲ್ಲಿ ನಿಂತಿದ್ದರು. ಉದಯ ತಲೆ ತಗ್ಗಿಸಿ ಆದೇಶ ಇಸಕೊಂಡ, ಸಹಿ ಹಾಕಿದ. "ಆತು ಮೇಡಂ. ಕೋರ್ಟ್ ಹೇಳಿದ್ಮೇಲೆ ಮುಗೀತಲ್ಲ." ನೆರೆದವರೆಲ್ಲ ಅವನಿಗಾಗಿ ಅಯ್ಯೋ ಪಾಪ ಎಂದರು. ಸುಮತಿಗಾಗಿ ಯಾರೂ ಅನ್ನಲಿಲ್ಲ.

ಮಹಾಬಲ ಮತ್ತೊಂದು ಉಪಕಾರ ಮಾಡಿದ. ಉಳಿದುಕೊಳ್ಳಲು ಉದಯನಿಗೆ ತನ್ನ ಬಲೆ ಇಡುವ ಶೆಡ್ಡು ಕೊಟ್ಟ. ಸುಮತಿಯ ಮನೆಗೆ ಇರುವುದು ಒಂದೇ ಕಾಲುದಾರಿ. ಶೆಡ್ಡು ಇರುವುದು ಆ ದಾರಿಯ ಬಾಯಲ್ಲಿ.

ದಿನವೂ ಉದಯ ಅಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಾನೆ. ಅವಳು ಒಣಮೀನಿನ ಬುಟ್ಟಿ ಹೊತ್ತು ಬರುವಾಗ ಕೈ ನಿಲ್ಲಿಸುತ್ತಾನೆ. ದಾಟುವವರೆಗೆ ನೋಡುತ್ತಾನೆ. ಮತ್ತೆ ಕೆಲಸ ಶುರುಮಾಡುತ್ತಾನೆ. ಅವಳು ಪೊಲೀಸ್ ಸ್ಟೇಶನ್ನಿಗೆ ಹೋದಳು.

"ಮುಟ್ಟಿದ್ನಾ?"

"ಇಲ್ಲ ಸರ್."

"ಬೈದ್ನಾ?"

"ಇಲ್ಲ."

"ಮತ್ತೆಂತ ಬರಕೊಳ್ಳೋದಮ್ಮ?"

ರಕ್ತ ಬಿದ್ದರೆ ಬರೆದುಕೊಳ್ಳಲು ಸುಲಭ, ಅಲ್ಲವೇ? ಜಯಶ್ರೀ ಒಬ್ಬರೇ ಸುಮ್ಮನೆ ಕೂರಲಿಲ್ಲ. ಆ ದಾರಿಯಿಂದಲೂ ಅವನನ್ನು ದೂರ ಇಡಬೇಕೆಂದು ಮತ್ತೆ ಅರ್ಜಿ ಹಾಕಿಸಿದರು. ವಿಚಾರಣೆ ಮುಂದಿನ ವಾರಕ್ಕೆ ಬಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ಸುಮತಿ ಪೇಟೆಯಿಂದ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಉದಯ ಇರಲಿಲ್ಲ. ಕೆಸರಾದ ದಾರಿಯಲ್ಲಿ ಅವಳ ಮನೆಯ ಕಡೆಗೆ ಹೋದ ಹೆಜ್ಜೆಗಳಿದ್ದವು, ವಾಪಸು ಬಂದ ಹೆಜ್ಜೆಗಳಿರಲಿಲ್ಲ. ಅವಳು ಬುಟ್ಟಿ ಇಳಿಸಿ, ಸೆರಗಿನ ಮರೆಯಲ್ಲಿ ಮೊಬೈಲ್ ಹಿಡಿದು ಸ್ಟೇಶನ್ನಿಗೆ ಫೋನ್ ಹಚ್ಚಿದಳು.

"ಮನೆ ಒಳಗೇ ಇದ್ದಾನೆ ಅಂತ ಗ್ಯಾರಂಟಿನಾ?" ಎಂದಿತು ಆಚೆಯ ದನಿ. "ಒಂದ್ಸಲ ಹೋಗಿ ನೋಡಿ ಹೇಳಮ್ಮ."