ಗಿಲಕಿ ಸಾಹೇಬ
ಕೊಪ್ಪಳದ ದವಾಖಾನೆಯ ಕಿವಿ ತಪಾಸಣೆ ಕೋಣೆಗೆ ತರಬೇತಿಗೆಂದು ಬಂದಿರುವ ಯಂಕೇಶನಿಗೆ ತನ್ನ ಕೈಯೊಳಗಿನ ಗಿಲಕಿಯ ಬಗ್ಗೆ ಇರುವಷ್ಟು ನಾಚಿಕೆ ಯಾವ ಕಳ್ಳನಿಗೂ ಕದ್ದ ಮಾಲಿನ ಬಗ್ಗೆ ಇರಲಿಕ್ಕಿಲ್ಲ. ಕೂಸಿಗೆ ಕೇಳಿಸುತ್ತದೋ ಇಲ್ಲವೋ ತಿಳಿಯಲು ಅದರ ಬೆನ್ನ ಹಿಂದೆ ಕೂತು ಗಿಲಕಿ ಅಲ್ಲಾಡಿಸುವುದೇ ಅವನ ಕೆಲಸ. ಪಾಳಿ ಹಚ್ಚಿದವರೆಲ್ಲ ಅವನನ್ನು ಗಿಲಕಿ ಸಾಹೇಬ ಅಂತಲೇ ಕರೆಯುತ್ತಾರೆ. ತನ್ನೂರು ತಳಕಲ್ಲಿನ ಮಂದಿ ಬಾಗಿಲಲ್ಲಿ ಕಂಡರೆ ಸಾಕು, ಗಿಲಕಿ ಬಿಳಿ ಕೋಟಿನ ಕಿಸೆ ಸೇರುತ್ತದೆ. ಆಮೇಲೆ ಅವನು ನಡೆದಲ್ಲೆಲ್ಲ ಕೋಟೇ ಗಿಲಗಿಲ ಅನ್ನುತ್ತದೆ. ಏನು ಕಲೀತೀಪಾ ಎಂದವರಿಗೆ ‘ಮಷೀನಿನ ಕೆಲಸ ರೀ’ ಎನ್ನುತ್ತಾನೆ. ಕಿವುಡು ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ, ‘ಸ್ವಲ್ಪ ಕಡಿಮಿ ಐತ್ರಿ’ ಅಂತ ತನ್ನ ಚಪ್ಪಲಿಯನ್ನೇ ನೋಡುತ್ತ ಹೇಳುತ್ತಾನೆ. ಒಂದರಲ್ಲಿ ಮಾತ್ರ ಭಾಳ ಖಡಕ್. ಗಿಲಕಿ ಸದ್ದಾದಾಗ ತಾಯಂದಿರು, ಕೇಳಿಸಿತೆಂದು ತೋರಿಸಲು, ಕೂಸನ್ನು ತೊಡೆಯಿಂದ ಮೆಲ್ಲಗೆ ದೂಡಿ ಹೊರಳುವಂತೆ ಮಾಡುತ್ತಾರೆ. ‘ತೊಡಿ ಅಲುಗಾಡಿಸಬ್ಯಾಡ್ರಿ ಅಮ್ಮಾರ’ ಎಂದು ಎಲ್ಲರಿಗೂ ಹೇಳುತ್ತಾನೆ. ನಿನ್ನೆ ಅವನ ತಾಯಿ ಮುದಕಮ್ಮ ಮಗಳ ಕೂಸನ್ನು ಎತ್ತಿಕೊಂಡು ಬಂದು ಪಾಳಿಯಲ್ಲಿ ಎಲ್ಲರ ಹಾಗೆ ಕೂತಳು. ಕಲಿಸುವ ಮೇಡಂ ಪಕ್ಕದಲ್ಲೇ ನಿಂತಿದ್ದರು. ನಮ್ಮ ಮನೆಯ ಕೂಸು ಎಂದು ಅವನು ಅನ್ನಲಿಲ್ಲ. ಅವನ ಮುಖ ನೋಡಿ ಅವಳೂ ಅನ್ನಲಿಲ್ಲ. ಗಿಲಕಿ ಸದ್ದಾಯಿತು, ಅವಳ ತೊಡೆ ಅಲುಗಿತು. ‘ತೊಡಿ ಅಲುಗಾಡಿಸಬ್ಯಾಡ್ರಿ ಅಮ್ಮಾರ’ ಎಂದ, ಹೆತ್ತ ಅವ್ವನಿಗೆ. ‘ಇಲ್ರಿ ಸಾಹೇಬ್ರ’ ಎಂದು ಅವಳು ತೊಡೆ ಬಿಗಿಹಿಡಿದು ಕೂತಳು. ಅವನು ಮತ್ತೆ ಅಲ್ಲಾಡಿಸಿದ, ಹೊರಗಿನ ಪಾಳಿಗೆಲ್ಲ ಕೇಳುವ ಹಾಗೆ. ಕೂಸು ಅಜ್ಜಿಯ ಮೂಗುಬಟ್ಟು ನೋಡುತ್ತ ನಗುತ್ತಲೇ ಇತ್ತು.