ಅಮ್ಮನ ಕೋಣೆಯನ್ನು ಎಳೆದ ಮೀನಿನ ಟೆಂಪೋ

ಮೊನ್ನೆ ಬ್ರಹ್ಮಾವರದ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಂದು ದೊಡ್ಡ ಕಾರು, ಅದರ ಹಿಂದೆ ಕಟ್ಟಿದ ಬಿಳಿ ಬಣ್ಣದ ಗಾಲಿಮನೆ, ಕ್ಯಾರವಾನ್. ಕಿಟಕಿಗೆ ಪರದೆ ಬೇರೆ. ಅದರ ಯಜಮಾನರು ಬಗ್ಗಿ ಎರಡನ್ನೂ ಸೇರಿಸುವ ಕೊಂಡಿಗೆ ಗ್ರೀಸು ಹಚ್ಚುತ್ತಿದ್ದರು. ಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ಗ್ರೀಸು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಸ್ರೂರಿನ ನಮ್ಮ ಆಚೆಮನೆಯ ಹಲಸಿನ ಮರದ ಬುಡದಲ್ಲಿದ್ದೆ. ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ಎಚ್ಚರವಾದದ್ದು.

ಆ ಮನೆಯ ಯಜಮಾನರನ್ನು ನಾವು ಆಚೆಮನೆ ಅಣ್ಣಯ್ಯ ಎಂದೇ ಕರೆಯುತ್ತಿದ್ದದ್ದು. ಬಹಳ ವರ್ಷ ಮುಂಬಯಿಯಲ್ಲಿ ಗಾಡಿ ಓಡಿಸಿ, ಒಂದು ಹಳೇ ಜೀಪಿನ ಜೊತೆ ಊರಿಗೆ ಬಂದವರು. ಬಾಯಿ ಬಡಾಯಿ ಸ್ವಲ್ಪ ಜಾಸ್ತಿ. ಆ ಜೀಪನ್ನು ಅವರು ಹೊಗಳುವುದನ್ನು ಕೇಳಿದವರು ಅದು ಹಾರುತ್ತದೆ ಎಂದೇ ತಿಳಿಯಬೇಕು. ಎಲ್ಲೋ ಸೇತುವೆ ಕೆಲಸ ಮುಗಿದಾಗ ಅಲ್ಲಿನ ಇಂಜಿನಿಯರರು ಇರುತ್ತಿದ್ದ ಎರಡು ಚಕ್ರದ ತಗಡಿನ ಕೋಣೆಯನ್ನು ಮಾರಿದರಂತೆ. ಇವರು ಅದನ್ನು ತಂದು ಹಲಸಿನ ಮರದ ಬುಡದಲ್ಲಿ ನಿಲ್ಲಿಸಿದರು. ಮರವಂತೆಯ ಕಡಲ ಬದಿಗೆ ಎಳೆದುಕೊಂಡು ಹೋಗಿ ಚಹಾ, ಗೋಳಿಬಜೆ ಮಾರುವುದು ಅವರ ಕನಸು. ಒಳಗೆ ಹಲಗೆಯ ಕಟ್ಟೆಯೊಂದನ್ನು ತಾವೇ ಕೂಡಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರ ಮನೆಯ ಕೋಳಿಗಳಿಗಂತೂ ಆ ಕೋಣೆ ಬಹಳ ಹಿಡಿಸಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ ಏಳಲೇ ಇಲ್ಲ. ಕೂರಿಸಿದರೆ ಸಾಕು, ಜೀವ ಹೋಗುವ ನೋವು. ಅದೇ ಹೊತ್ತಿಗೆ ಉಪ್ಪುಂದದಲ್ಲಿ ಅವಳ ಒಬ್ಬನೇ ಅಣ್ಣ, ನನ್ನ ಸೋದರಮಾವ, ಲಕ್ವ ಹೊಡೆದು ಹಾಸಿಗೆ ಹಿಡಿದ. ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ ಗಟ್ಟಿ ಆಳು, ಮಾತೂ ನಿಂತುಹೋಯಿತು. ಇಬ್ಬರೂ ಎರಡು ಊರಲ್ಲಿ ಮಲಗಿ ಮಾಡಿನ ಹೆಂಚು ನೋಡುತ್ತಿದ್ದರು. ಅಣ್ಣನನ್ನು ಒಂದು ಸಲ ಕಣ್ಣಾರೆ ನೋಡಬೇಕು... ಅಮ್ಮನಿಗೆ ಅದೊಂದೇ ಹಂಬಲ ಉಳಿದಿತ್ತು. ಡಾಕ್ಟರೂ ಮಾವನ ವಿಷಯದಲ್ಲಿ ಧೈರ್ಯ ಹೇಳಿರಲಿಲ್ಲ.

ಆಂಬುಲೆನ್ಸ್ ಮಾಡೋಣ ಎಂದೆ. ಅಮ್ಮ ಗೋಡೆ ಕಡೆಗೆ ಮುಖ ತಿರುಗಿಸಿದಳು. "ಆಂಬುಲೆನ್ಸಂಗೆ ತವರ್ಮನಿಗೆ ಹ್ವಾದ್ರೆ ಊರಿನವ್ರ್ ಹೆಣ ಬಂತ್ ಅಂದ್ಕಂತ್ರ್. ಅಣ್ಣ ಹೆದ್ರಿಯೇ ಸಾಯ್ತ. ನಾನ್ ಹೋತಿಲ್ಲೆ."

ನಾನು ಜಗಲಿಗೆ ಬಂದು ಅತ್ತೆ. ಬೇಲಿಯಾಚೆ ಜೀಪು ತೊಳೆಯುತ್ತಿದ್ದ ಅಣ್ಣಯ್ಯ ಏನು, ಎತ್ತ ಎಂದು ವಿಚಾರಿಸಿದರು. ನಾನು ಹೇಳಿದೆ. ಅವರು ತೊಳೆಯುವುದನ್ನು ಅಷ್ಟಕ್ಕೇ ಬಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆ ತಗಡಿನ ಕೋಣೆಯಿಂದ ಹಲಗೆ ಕೀಳುವ ಸದ್ದು. ಕೋಳಿಗಳು ಬೊಬ್ಬೆ ಹೊಡೆದು ಹೊರಗೆ ಓಡಿ ಬಂದವು. ಹೋಗಿ ನೋಡಿದರೆ, ಅಷ್ಟು ಆಸೆಯಿಂದ ಕೂಡಿಸಿದ ಚಹಾದ ಕಟ್ಟೆಯನ್ನು ಕಿತ್ತು ಅದೇ ಹಲಗೆಯಲ್ಲಿ ಮಂಚ ಮಾಡುತ್ತಿದ್ದರು!

ಮಂಚ ಆಯಿತು, ಅದಕ್ಕೆ ದಪ್ಪ ಹಾಸಿಗೆ ಆಯಿತು. ಇನ್ನು ಇದನ್ನು ಎಳೆಯುವುದು ಯಾವುದು? ಜೀಪೇ ಎಂದು ಅವರು ಎದೆ ತಟ್ಟಿಕೊಂಡರು. ಆದರೆ ಅಮ್ಮನನ್ನು ಹತ್ತಿಸುವ ಮುಂಚೆ ಎಲ್ಲವನ್ನೂ ತಮ್ಮ ಮೈಮೇಲೆಯೇ ಪರೀಕ್ಷೆ ಮಾಡುವುದು ಅವರ ಹಟ. ಹಾಸಿಗೆಯಲ್ಲಿ ತಾವು ಅಂಗಾತ ಮಲಗಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟುಕೊಂಡು, ಬೇರೆಯವರಿಂದ ಗಾಡಿ ಓಡಿಸುವುದು. ನೀರು ಚೆಲ್ಲಿದರೆ ಆ ಗಾಡಿ ಬೇಡ.

ಜೀಪನ್ನು ವಂಡ್ಸೆ ಕಡೆಯ ಏರುತಗ್ಗಿನ ರಸ್ತೆಗೆ ಒಯ್ದರು. ಏರಿನಲ್ಲಿ ಗಮ್ಮತ್ತಾಗಿ ಎಳೆಯಿತಂತೆ. ಇಳಿಜಾರಿಗೆ ಬಂದಾಗ ಹಿಂದಿನ ಕೋಣೆಯೇ ಹಗುರದ ಜೀಪನ್ನು ನೂಕಿಕೊಂಡು ಹೋಗಿ, ಇನ್ನೇನು ಗದ್ದೆಗೆ ಇಳಿಯಬೇಕು ಎನ್ನುವಾಗ ನಿಂತಿತು. ಅಣ್ಣಯ್ಯ ಒದ್ದೆ ಅಂಗಿಯಲ್ಲಿ ಮನೆಗೆ ಬಂದರು. ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದ ಜೀಪು ಹೀಗೆ ಮರ್ಯಾದೆ ತೆಗೆದದ್ದಕ್ಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಪರಿಚಯದವರ ಟ್ರ್ಯಾಕ್ಟರ್ ಬಂತು. ಅದರದ್ದು ಬೇರೆಯೇ ಕತೆ. ಕಿಟಕಿಯಿಂದ ಹೊಗೆ ಒಳಗೆ, ಚೊಂಬು ನೆಲಕ್ಕೆ, ಅಣ್ಣಯ್ಯ ಮಂಚದ ಕೆಳಗೆ. "ಹ್ವಾಯ್, ಇದ್ರಂಗೆ ಕರ್ಕಂಡ್ ಹ್ವಾದ್ರೆ ಮುರೀದೆ ಇದ್ದ್ ಸೊಂಟವೂ ಮುರಿತ್ತ್" ಎಂದು ಬೆನ್ನು ಹಿಡಿದುಕೊಂಡೇ ಇಳಿದರು. ನಕ್ಕವರಲ್ಲಿ ನಾನೂ ಒಬ್ಬಳು.

ಅಷ್ಟರಲ್ಲಿ ಉಪ್ಪುಂದದಿಂದ ಸುದ್ದಿ ಬಂತು. ಮಾವ ಗಂಜಿ ನೀರನ್ನೂ ಸರಿಯಾಗಿ ನುಂಗುತ್ತಿಲ್ಲ... ಅಮ್ಮ ಕೇಳಿಸಿಕೊಂಡು ಕಣ್ಣು ಮುಚ್ಚಿದಳು. ಆ ದಿನ ಅಣ್ಣಯ್ಯ ಊಟ ಮಾಡಲಿಲ್ಲವಂತೆ. ಸಂಜೆ ಗಂಗೊಳ್ಳಿ ಬಂದರಿನಿಂದ ಮೀನು ಸಾಗಿಸುವ ಟೆಂಪೋ ಒಂದನ್ನು ಅದರ ಧಣಿಯ ಸಮೇತ ಕರೆತಂದರು. ನೋಡಲು ಚಂದವಿಲ್ಲ, ಬಾಗಿಲಿಗೆ ಹಗ್ಗ ಕಟ್ಟಿತ್ತು. ಆದರೆ ಮೈ ಉದ್ದ, ತೂಕ ಗಟ್ಟಿ, ಬ್ರೇಕು ಹೊಸತು. ವಂಡ್ಸೆಯ ಅದೇ ಇಳಿಜಾರಿನಲ್ಲಿ ಚೊಂಬಿನ ನೀರು ಅಲುಗಿತೇ ಹೊರತು ಚೆಲ್ಲಲಿಲ್ಲ. ಅಣ್ಣಯ್ಯನ ಬಡಾಯಿ ಮರಳಿ ಬಂತು. ನನ್ನನ್ನು ಅವರು ಹೆಣೆ, ಅಂದರೆ ಹುಡುಗೀ, ಎಂದೇ ಕರೆಯುವುದು. "ಕಾಣ್ ಹೆಣೆ, ಎಳುಕೆ ಯಾವ್ ಗಾಡಿಯಾರೂ ಆತ್ತ್. ಹಿಂದಿದ್ದದ್ದ್ ನೂಕುವಾಗ ತಡ್ಕಂಬುಕೆ ತಾಕತ್ ಬೇಕ್." ಜೀಪಿನ ಹೆಸರು ಮಾತ್ರ ಎತ್ತಲಿಲ್ಲ.

ಟೆಂಪೋವನ್ನು ಎಷ್ಟು ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. ಅಮ್ಮನಿಗೆ ತೊಂದರೆಯಾದೀತೇನೋ ಎಂದು ನಾವು ಪೇಚಾಡಿಕೊಂಡರೆ, "ತವರಿನ್ ವಾಸ್ನಿಯೇ ಅಲ್ದಾ? ಎಂತ ಅಡ್ಡಿಲ್ಲೆ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದು.

ಹೊರಟ ದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಬಂದರು. ತವರಿಗೆ ಹೋಗುವವಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ತೆಂಗಿನಕಾಯಿಯ ಮೂಟೆ, ಕುಚ್ಚಲಕ್ಕಿ, ಹಲಸಿನ ಹಣ್ಣು, ಸೌತೆಕಾಯಿ... ಅಮ್ಮನ ಕಾಲಿಗೆ ತಾಗಬಾರದೆಂದು ಎಲ್ಲವನ್ನೂ ಕೋಣೆಯ ಹಿಂಬದಿಯ ಮೂಲೆಯಲ್ಲಿ ಒಟ್ಟಿದರು. ಅಣ್ಣಯ್ಯ ಅದನ್ನು ಗಮನಿಸಲಿಲ್ಲ. ಓಡಿಸುವುದನ್ನು ಧಣಿಗೆ ಬಿಟ್ಟು, ಟೆಂಪೋದ ಹಿಂಭಾಗದಲ್ಲಿ, ನಮ್ಮ ಕಡೆಗೇ ಮುಖ ಮಾಡಿ ಕೂರಲು ಜಾಗ ಮಾಡಿಕೊಳ್ಳುವುದರಲ್ಲಿದ್ದರು. ನಾನು ಅಮ್ಮನ ಪಕ್ಕದಲ್ಲಿ ಕೂತೆ.

ಹೆಮ್ಮಾಡಿ ದಾಟಿ ಟೆಂಪೋ ಸ್ವಲ್ಪ ಓಟ ಹಿಡಿದಾಗ ನಮ್ಮ ಕೋಣೆ ಅತ್ತಿಂದಿತ್ತ ಬಾಲ ಬೀಸಲು ಶುರುಮಾಡಿತು. ಎದುರಿನಿಂದ ಲಾರಿ. ನಾನು ಅಮ್ಮನನ್ನು ತಬ್ಬಿ ಹಿಡಿದೆ. ಅವಳು ದೇವರನ್ನು ಕರೆಯುತ್ತಿದ್ದಳು. ಕಿಟಕಿಯಲ್ಲಿ ಅಣ್ಣಯ್ಯನ ಮುಖ ಬಿಳಿಚಿದ್ದು ಕಂಡಿತು. ಟೆಂಪೋದ ಮೈಗೆ ದಡದಡ ಬಡಿದು, ಮೆಲ್ಲ ಮೆಲ್ಲ ಎಂದು ಕೂಗಿ, ಹೇಗೋ ರಸ್ತೆ ಬದಿಗೆ ನಿಲ್ಲಿಸಿದರು.

ಹಿಂಬಾಗಿಲು ತೆಗೆದವರು ಮೂಟೆಗಳನ್ನು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. ನನಗೆ ಬೈಗುಳ ಕಾದಿದೆ ಎಂದುಕೊಂಡೆ. ಅವರು ಬೈದದ್ದು ತಮ್ಮನ್ನೇ. "ತವರಿಗೆ ಯಾರಾರೂ ಖಾಲಿ ಕೈಯಂಗೆ ಹೋತ್ರಾ? ನಾನ್ ಖಾಲಿ ಗಾಡಿ ಪರೀಕ್ಷಿ ಮಾಡ್ದೆ ಕಾಣ್." ಭಾರವೆಲ್ಲ ಬಾಲದಲ್ಲಿ ಕೂತರೆ ಯಾವ ಗಾಡಿ ಎಳೆದರೂ ಹಿಂದಿನದ್ದು ಹೀಗೆಯೇ ಒಲೆದಾಡುತ್ತದೆ ಎಂದರು. ಮೂಟೆಗಳನ್ನೆಲ್ಲ ತಾವೇ ಹೊತ್ತು ಟೆಂಪೋಗೆ ಹಾಕಿದರು. ಅಲ್ಲಿಂದ ಮುಂದೆ ಕೋಣೆ ಕುಲುಕಲಿಲ್ಲ. ಕಾಯಿ ಮೂಟೆಯ ಮೇಲೆ ಕೂತ ಅಣ್ಣಯ್ಯ ನಮ್ಮ ಮೇಲಿಂದ ಕಣ್ಣು ತೆಗೆಯಲೇ ಇಲ್ಲ. ಮರವಂತೆಯಲ್ಲಿ ಅಮ್ಮನಿಗೆ ಕಡಲು ಕಾಣಲಿ ಎಂದು ಬಾಗಿಲು ತೆರೆದು ಸ್ವಲ್ಪ ಹೊತ್ತು ನಿಲ್ಲಿಸಿದರು. ಅದೇ ಅವರು ಚಹಾ ಮಾರಬೇಕೆಂದಿದ್ದ ಜಾಗ...

ಉಪ್ಪುಂದದಲ್ಲಿ ಮಾವನ ಮಂಚವನ್ನು ಅಂಗಳಕ್ಕೆ ಎತ್ತಿ ತಂದರು. ಕೋಣೆಯ ಬಾಗಿಲು ಅದಕ್ಕೆ ತಾಗುವಷ್ಟು ಹತ್ತಿರ ನಿಂತಿತು. ಅಮ್ಮನ ಹಾಸಿಗೆಯನ್ನು ಬಾಗಿಲಿನವರೆಗೆ ಸರಿಸಿದೆವು. "ಅಣ್ಣಾ, ನಾನ್ ಬಂದೆ ಕಾಣ್" ಎಂದಳು. ಮಾವ ಸ್ವಾಧೀನವಿದ್ದ ಕೈ ಎತ್ತಿ ಅವಳ ಕೆನ್ನೆ ಮುಟ್ಟಿದ. ಸಂಜೆಯವರೆಗೂ ಆ ಕೈಯನ್ನು ಅಮ್ಮ ಬಿಡಲಿಲ್ಲ. ಗಂಜಿಯನ್ನು ಅವಳೇ ಮಲಗಿದಲ್ಲಿಂದ ಕುಡಿಸಿದಳು, ಅವನು ನುಂಗಿದ. ಅಣ್ಣಯ್ಯ ಗಾಡಿಯ ಮರೆಯಲ್ಲಿ ನಿಂತು ಸುಮ್ಮನೆ ಕೊಂಡಿಗೆ ಗ್ರೀಸು ಹಚ್ಚುತ್ತಿದ್ದರು. ಆಗಲೇ ಹಚ್ಚಿಯಾಗಿತ್ತು.

ಮಾವ ಆ ಮಳೆಗಾಲ ಕಳೆಯಲಿಲ್ಲ. ಅಮ್ಮ ಇನ್ನೂ ಕೆಲವು ವರ್ಷ ಇದ್ದಳು, ಕೊರಗಿಲ್ಲದೆ ಇದ್ದಳು. ಅಷ್ಟನ್ನು ನಮಗೆ ಕೊಟ್ಟವರು ಅಣ್ಣಯ್ಯ. ಚಹಾದ ಅಂಗಡಿ ಆಗಲೇ ಇಲ್ಲ. ಯಾರಿಗಾದರೂ ಬೇಕಾದೀತು ಎಂದು ಮಂಚವನ್ನು ಹಾಗೆಯೇ ಬಿಟ್ಟರು. ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ತವರಿಗೆ ಹೋದಾಗಲೆಲ್ಲ ಮೊದಲು ಅವರ ಅಂಗಳ. ಕಡೆಗಾಲದಲ್ಲಿ ಅವರು ಅದೇ ಮಂಚದಲ್ಲಿ ಮಲಗುತ್ತಿದ್ದರು. ಕೋಣೆಯ ಚಕ್ರಗಳು ಮಣ್ಣಿಗೆ ಇಳಿದಿದ್ದವು. "ಇನ್ನ್ ಇದನ್ ಎಳುಕೆ ಯಾರ್ ಬತ್ರ್ ಹೆಣೆ?" ಎಂದು ನಕ್ಕಿದ್ದರು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ಗುಜರಿಯವರು ಆ ಕೋಣೆಯನ್ನು ತುಂಡು ಮಾಡಿ ಒಯ್ದರು. ಹಲಸಿನ ಮರದ ಬುಡ ಈಗ ಖಾಲಿ.

ಪೆಟ್ರೋಲ್ ಹಾಕಿಸಿಕೊಂಡು ಹೊರಡುವಾಗ ಗಾಲಿಮನೆಯ ತೆರೆದ ಬಾಗಿಲಿನತ್ತ ಕಣ್ಣು ಹೋಯಿತು. ನೀರಿನ ಕ್ಯಾನು, ಅಕ್ಕಿ ಚೀಲ, ಸಿಲಿಂಡರು ಎಲ್ಲ ಹಿಂಬದಿಯ ಮೂಲೆಯಲ್ಲಿ. ಸುಮ್ಮನಿರಲು ಆಗಲಿಲ್ಲ. ಭಾರವನ್ನು ಹಿಂದೆ ಇಡಬೇಡಿ, ಕಾರಿಗೆ ಹಾಕಿಕೊಳ್ಳಿ ಎಂದೆ. ಅವರು ನನ್ನನ್ನೂ ನನ್ನ ಸ್ಕೂಟರನ್ನೂ ನೋಡಿ, "ನಿಮ್ಮ ಹತ್ತಿರವೂ ಕ್ಯಾರವಾನ್ ಇತ್ತಾ ಮೇಡಂ?" ಎಂದು ಕೇಳಿದರು.

"ಪಕ್ಕದ ಮನೆಯಲ್ಲಿತ್ತು" ಎಂದೆ. "ನಮ್ಮಮ್ಮ ಅದರಲ್ಲಿ ತವರಿಗೆ ಹೋಗಿದ್ದಳು."